ಖಾಲಿ ಚಾಕಿ ಮನೆಯಲ್ಲಿ ಸೊಪ್ಪು ತಿಂದ ಸದ್ದು

ದೆವ್ವ, ಗಾಳಿ, ಮಾಟ ಅಂತ ಯಾರಾದರೂ ಬಾಯಿ ತೆರೆದರೆ ಮೊದಲು ನಗುತ್ತಿದ್ದವನು ನಾನು. ನಗುವುದಕ್ಕೆ ನನಗೆ ಕಾರಣವೂ ಇತ್ತು. ಕೋಲಾರದಲ್ಲಿ ನನ್ನದೊಂದು ಏಸಿ ಅಂಗಡಿ ಇದೆ. ಮನೆಯ ಗೋಡೆಗೆ ಹಾಕುವ ಏಸಿಗಿಂತ ದೊಡ್ಡ ಹಾಲ್‌ಗಳಿಗೆ ಹಾಕುವ ಡಕ್ಟ್ ಏಸಿ ಕೆಲಸವೇ ನಮಗೆ ಜಾಸ್ತಿ. ಯಂತ್ರ ಒಂದು ಕಡೆ ಕೂತಿರುತ್ತದೆ. ಅಲ್ಲಿಂದ ತಗಡಿನ ದೊಡ್ಡ ಕೊಳವೆ ಸೂರಿನ ಕೆಳಗೆ ಹಾದುಹೋಗಿ, ಅಲ್ಲಲ್ಲಿ ಜಾಲರಿಗಳಿಂದ ತಣ್ಣನೆ ಗಾಳಿ ಬಿಡುತ್ತದೆ. ಆ ಕೊಳವೆಗೇ ಡಕ್ಟ್ ಅನ್ನುವುದು. ಈ ಡಕ್ಟ್ ಮಾಡುವಷ್ಟು ಚೇಷ್ಟೆಯನ್ನು ಯಾವ ದೆವ್ವವೂ ಮಾಡುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಶ್ರೀನಿವಾಸಪುರದ ಒಂದು ಮದುವೆ ಹಾಲ್‌ನಲ್ಲಿ ಹೆಣ್ಣಿನ ಕೋಣೆಯೊಳಗೆ ಯಾರೋ ಪಿಸುಪಿಸು ಮಾತಾಡುತ್ತಾರೆ ಅಂತ ಗಲಾಟೆಯಾಗಿ, ಆ ಕೋಣೆಗೆ ನಿಂಬೆಹಣ್ಣು ಕಟ್ಟಿಸಿದ್ದರು. ನಾನು ಹೋಗಿ ನೋಡಿದರೆ, ಅಡುಗೆಮನೆಯ ಹಿಂದೆ ಭಟ್ಟರು ಕೂತು ಬೀಗರ ಮೇಲೆ ಆಡುತ್ತಿದ್ದ ಮಾತು ಡಕ್ಟ್ ಹಿಡಿದು ಮದುವಣಗಿತ್ತಿಯ ತಲೆಯ ಮೇಲೆ ಇಳಿಯುತ್ತಿತ್ತು. ಮಾಲೂರಿನ ಒಂದು ಕಾರ್ಖಾನೆಯ ಆಫೀಸಿನಲ್ಲಿ ಮಗು ಅಳುತ್ತದೆ ಅಂದರು. ಬೆಕ್ಕು ಮರಿ ಹಾಕಿತ್ತು. ಹೀಗೆ ಸದ್ದಿನ ಬೆನ್ನು ಹತ್ತಿ ಹೋದಾಗಲೆಲ್ಲ ಕೊನೆಗೆ ಇಲಿಯೋ, ಸಡಿಲವಾದ ಸ್ಕ್ರೂವೋ, ಯಾರದೋ ಬಾಯಿಯೋ ಸಿಕ್ಕಿದೆ. ಒಂದೇ ಒಂದು ಸಲ ಏನೂ ಸಿಗಲಿಲ್ಲ, ಅದನ್ನೇ ಈಗ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ, ಬೇಸಿಗೆ ಶುರುವಾಗುವ ಹೊತ್ತಿಗೆ, ನಾರಾಯಣಮ್ಮ ಎಂಬುವರು ನಮ್ಮ ಅಂಗಡಿಗೆ ಬಂದರು. ಮುಳಬಾಗಿಲು ತಾಲ್ಲೂಕಿನ ತಾಯಲೂರಿನ ಕಡೆಯವರು. ಐವತ್ತರ ಆಸುಪಾಸಿನ ವಯಸ್ಸು, ಕೈಯಲ್ಲಿ ಬಟ್ಟೆ ಚೀಲ, ಜೋರು ದನಿ. ಅವರದು ಚಾಕಿ ಕಟ್ಟುವ ಕೆಲಸ. ಅಂದರೆ ರೇಷ್ಮೆ ಮೊಟ್ಟೆ ಒಡೆಸಿ, ಇರುವೆಗಿಂತ ಸಣ್ಣದಾದ ಮರಿಹುಳುಗಳನ್ನು ಎಳೆ ಹಿಪ್ಪುನೇರಳೆ ಸೊಪ್ಪು ಹಾಕಿ ಸಾಕಿ, ಅವು ಎರಡನೇ ಜ್ವರ ಎದ್ದ ಮೇಲೆ ರೈತರಿಗೆ ಕೊಡುವುದು. ಹುಳು ಮೇವು ಬಿಟ್ಟು ಅಲ್ಲಾಡದೆ ಕೂತು ಪೊರೆ ಕಳಚುವುದಕ್ಕೆ ಅಲ್ಲಿ ಜ್ವರ ಅನ್ನುತ್ತಾರೆ. ಅಂಥ ನಾಲ್ಕು ಜ್ವರ ದಾಟಿದರೆ ಹುಳು ಗೂಡು ಕಟ್ಟುತ್ತದೆ. ಮೊದಲೆರಡು ನಾರಾಯಣಮ್ಮನ ಮನೆಯಲ್ಲಿ, ಉಳಿದೆರಡು ರೈತರ ಮನೆಯಲ್ಲಿ. ಸುತ್ತಲ ಹಳ್ಳಿಯವರು 'ನಾರಾಯಣಮ್ಮನ ಕೈ ಹುಳು' ಅಂತಲೇ ಕೇಳಿ ಒಯ್ಯುತ್ತಿದ್ದರಂತೆ.

"ಗಾಳಿ ಬೀಸ್ಬಾರ್ದು ಕಣಪ್ಪಾ, ಆದ್ರೆ ತಣ್ಣಗಿರ್ಬೇಕು. ಮುಳಬಾಗ್ಲಲ್ಲಿ ಮದ್ವೆಗೆ ಹೋಗಿದ್ದೆ, ಅಲ್ಲಿ ಫ್ಯಾನೂ ಇಲ್ಲ ಏನೂ ಇಲ್ಲ, ತಂಪು ಮಾತ್ರ ಇಳೀತಿತ್ತು. ಅಂಥದ್ದು ನನ್ ಹುಳಕ್ಕೆ ಬೇಕು," ಅಂದರು. ಬೇಸಿಗೆಯಲ್ಲಿ ಗೋಣಿತಾಟು ನೆನೆಸಿ ಕಟ್ಟಿ ಕಟ್ಟಿ ಸಾಕಾಗಿತ್ತು ಅವರಿಗೆ. ಕೇಳಿದ್ದು ನೂರಕ್ಕೆ ನೂರು ಸರಿಯಾಗಿತ್ತು. ಗೋಡೆ ಏಸಿ ಹಾಕಿದರೆ ಗಾಳಿ ನೇರ ತಟ್ಟೆಗಳ ಮೇಲೆ ಬಡಿದು ಸೊಪ್ಪು ಒಣಗಿಬಿಡುತ್ತದೆ.

ಡಕ್ಟ್ ಮಾಡುವವರು ನನ್ನ ಜೊತೆಗಾರ ಬಾಬಾಜಾನ್. ಅಪ್ಪ, ತಾತ ಎಲ್ಲ ತಗಡಿನ ಕೆಲಸದವರು. ಕೋಲಾರದ ಅರ್ಧ ಊರಿನ ಡಬ್ಬಿ, ಸೂರಿನ ನೀರಿನ ದೋಣಿ, ಟ್ರಂಕು ಅವರ ಮನೆಯಲ್ಲೇ ಆಗಿದ್ದು. ನಾವಿಬ್ಬರೂ ಹೋಗಿ ಚಾಕಿ ಮನೆಗೆ ಯಂತ್ರ ಕೂರಿಸಿದೆವು, ಡಕ್ಟ್ ಎಳೆದೆವು, ತೇವಕ್ಕೆ ನೀರು ಮಂಜಿನ ಹಾಗೆ ಬಿಡುವ ಒಂದು ಪೆಟ್ಟಿಗೆಯನ್ನೂ ಸೇರಿಸಿದೆವು. ಜಾಲರಿಗಳನ್ನು ಗೋಡೆಯ ಕಡೆಗೆ ತಿರುಗಿಸಿದ್ದರಿಂದ ಗಾಳಿ ಗೋಡೆ ಸವರಿಕೊಂಡು ನಿಧಾನಕ್ಕೆ ಇಳಿಯುತ್ತಿತ್ತು.

ಎಲ್ಲ ಮುಗಿದ ಮೇಲೆ, ಗಾಳಿ ಎಲ್ಲ ಕಡೆ ಸಮ ಬರುತ್ತಿದೆಯೇ ಎಂದು ನೋಡಲು ನಾನು ಎಂದಿನಂತೆ ಊದುಬತ್ತಿ ಹಚ್ಚಿದೆ. ಹೊಗೆ ಎತ್ತ ಹೋಗುತ್ತದೆ ಅಂತ ನೋಡಿದರೆ ಸಾಕು, ಗೊತ್ತಾಗುತ್ತದೆ. ನಾರಾಯಣಮ್ಮ ಹಾರಿ ಬಂದು ಕಿತ್ತುಕೊಂಡು ಹೊರಗೆ ಎಸೆದರು. "ಏಮಯ್ಯಾ, ತಲೆ ನೆಟ್ಟಗಿದೆಯಾ ನಿಂಗೆ? ಮಲ್ಲಿಗೆ ಮುಡ್ಕೊಂಡು ಬಂದ್ರೆ ನನ್ ಸೊಸೇನೇ ಒಳೀಕ್ ಬಿಡಲ್ಲ ನಾನು. ವಾಸ್ನೆ ತಗುಲಿದ್ರೆ ಹುಳ ಮೇವು ಮುಟ್ತಾವಾ?" ಬಾಬಾಜಾನ್ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಆಮೇಲೆ ಆಕೆಯೇ ತಮ್ಮ ಸೆರಗಿನ ಅಂಚಿನಿಂದ ಒಂದು ದಾರ ಎಳೆದು ಕೊಟ್ಟು, ಇದನ್ನು ಕಟ್ಟಿ ನೋಡು ಅಂದರು. ದಾರ ಅಲುಗಿದ್ದೂ ಕಾಣದಷ್ಟು ಮೆಲ್ಲಗೆ ಅಲುಗಿತು. ಅವರ ಮುಖ ಅರಳಿತು.

ಆ ಯಂತ್ರದ ಕೆಳಗೆ ಕಟ್ಟಿದ ಮೊದಲ ಚಾಕಿ ಚೆನ್ನಾಗಿಯೇ ಬಂತು. ಮೊದಲ ಜ್ವರ ಎದ್ದವು, ತಿಂದವು, ಎರಡನೇ ಜ್ವರಕ್ಕೆ ಕೂತವು. ಎದ್ದ ಮೇಲೆ ಮಾತ್ರ ಸೊಪ್ಪು ಮುಟ್ಟಲಿಲ್ಲ. ನನಗೆ ಫೋನ್ ಬಂದ ಕೂಡಲೇ ಓಡಿದೆ. ಶಾಖ ಸರಿ ಇತ್ತು, ತೇವ ಸರಿ ಇತ್ತು, ಫಿಲ್ಟರು ಹೊಸದು, ಗ್ಯಾಸು ಸೋರುತ್ತಿರಲಿಲ್ಲ. ನನಗೆ ತಿಳಿದದ್ದನ್ನೆಲ್ಲ ಒಂದಲ್ಲ ಎರಡು ಸಲ ನೋಡಿದೆ. ಎಳೆ ಸೊಪ್ಪು ಹಾಗೇ ಹಸಿರಾಗಿ ಬಿದ್ದಿತ್ತು. ಅದರ ಮೇಲೆ ಹುಳುಗಳು ತಲೆ ಎತ್ತದೆ ಮಲಗಿದ್ದವು. ನಾರಾಯಣಮ್ಮ ಒಂದೊಂದು ತಟ್ಟೆ ಎಳೆದು ಬಗ್ಗಿ ನೋಡುವರು, ಮತ್ತೆ ಒಳಗೆ ತಳ್ಳುವರು. ಎರಡು ದಿನದಲ್ಲಿ ಎಲ್ಲವೂ ಹೋದವು.

ಹುಳು ಒಯ್ಯಲು ಬಂದಿದ್ದ ರೈತರು ಅಂಗಳದಲ್ಲಿ ನಿಂತೇ ಇದ್ದರು. ಅವರ ತೋಟದಲ್ಲಿ ಸೊಪ್ಪು ಬೆಳೆದು ನಿಂತಿತ್ತು, ಅದು ಯಾರಿಗಾಗಿಯೂ ಕಾಯುವುದಿಲ್ಲ. ರೇಷ್ಮೆ ಹುಳುವಿನ ರೋಗ ಬಲ್ಲವರೊಬ್ಬರು ಬಂದು ನೋಡಿ, ಸುಣ್ಣಕಟ್ಟು ಅಲ್ಲ, ಸಪ್ಪೆ ರೋಗವೂ ಅಲ್ಲ, ಯಾವ ರೋಗವೂ ಕಾಣುತ್ತಿಲ್ಲ ಅಂದರು. 'ಮಿಷನ್ ಗಾಳಿ ಕುಡಿದು ಹೋದ್ವು' ಅಂತ ಒಬ್ಬ ನನಗೆ ಕೇಳುವ ಹಾಗೇ ಹೇಳಿದ. ನನಗೆ ಸಿಟ್ಟು ಬಂತು. ನಾರಾಯಣಮ್ಮ ಮಾತ್ರ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಸತ್ತ ಹುಳುಗಳನ್ನು ದೂರ ಒಯ್ದು ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದರು. ಆಕೆಯ ಮೇಲಿನ ನಂಬಿಕೆಯಿಂದ ರೈತರು ಇನ್ನೊಂದು ಸಲ ನೋಡೋಣ ಅಂತ ಒಪ್ಪಿದ್ದರು. ಹೊಸ ಮೊಟ್ಟೆಗೆ ಹೇಳಿಯೂ ಆಗಿತ್ತು. ಅಷ್ಟರೊಳಗೆ ಚಾಕಿ ಮನೆಯನ್ನು ಬ್ಲೀಚಿಂಗ್ ಪುಡಿ ಹಾಕಿ ತೊಳೆದು, ಔಷಧಿ ಹೊಡೆದು, ಬಾಗಿಲು ಮುಚ್ಚಿ ಇಡಬೇಕು. ತೊಳೆಯದ ಮನೆಗೆ ಹೊಸ ಹುಳು ತರುವಂತಿಲ್ಲ. ಮೊಟ್ಟೆ ಒಡೆಯುವ ದಿನವನ್ನು ಯಾರೂ ಮುಂದೂಡುವಂತೆಯೂ ಇಲ್ಲ.

ಒಂದು ಬೆಳಿಗ್ಗೆ ನಾರಾಯಣಮ್ಮನ ಗಂಡ ಶ್ರೀರಾಮಪ್ಪ ಫೋನ್ ಮಾಡಿದರು. "ಏನ್ ಸ್ವಾಮೀ, ನಿಮ್ ಪೈಪಲ್ಲಿ ಏನೋ ಸದ್ದು ಬರ್ತೈತೆ. ನಮ್ಮೋಳು ಮನೆ ತೊಳ್ಯಾಕೆ ಬಿಡ್ತಿಲ್ಲ. ಒಂದ್ಸಲ ಬಂದೋಗಿ." ಇಲಿ ಹೊಕ್ಕಿರಬೇಕು ಅಂದುಕೊಂಡು ಬಾಬಾಜಾನ್‌ರನ್ನು ಗಾಡಿ ಹಿಂದೆ ಕೂರಿಸಿಕೊಂಡು ಹೊರಟೆ.

ನಾವು ಹೋದಾಗ ಮಧ್ಯಾಹ್ನ, ರಣರಣ ಬಿಸಿಲು. ನಾರಾಯಣಮ್ಮ ಬಾಗಿಲಲ್ಲೇ ತುಟಿಯ ಮೇಲೆ ಬೆರಳಿಟ್ಟು, ಕಾಲು ತೊಳೆಸಿ ಒಳಗೆ ಬಿಟ್ಟರು. ಒಳಗೆ ತಂಪು, ಮಬ್ಬು ಬೆಳಕು, ಗೋಡೆಗೆ ಒರಗಿಸಿಟ್ಟ ಖಾಲಿ ತಟ್ಟೆಗಳು. ಮೊದಲು ನನಗೆ ಬ್ಲೋವರ್‌ನ ಗುಂಯ್ ಬಿಟ್ಟು ಏನೂ ಕೇಳಲಿಲ್ಲ. ಆಮೇಲೆ ಕೇಳಿತು. ಒಳಗೋಡೆಯ ಮೇಲಿನ ಕೊನೆಯ ಜಾಲರಿಯಿಂದ ಸಣ್ಣಗೆ, ಬಿಡದೆ, ಒಣ ತರಗಿನ ಮೇಲೆ ತುಂತುರು ಬಿದ್ದ ಹಾಗೆ. ಆ ಕಡೆ ಹುಟ್ಟಿ ಬೆಳೆದವರಿಗೆ ಅದು ಏನೆಂದು ಹೇಳಿಕೊಡಬೇಕಾಗಿಲ್ಲ. ದೊಡ್ಡ ಹುಳು ಸೊಪ್ಪು ತಿನ್ನುವ ಸದ್ದು. ಚಾಕಿ ಮನೆಯಲ್ಲಿ ಆ ಸದ್ದು ಯಾವತ್ತೂ ಕೇಳುವುದಿಲ್ಲ. ಮರಿಹುಳು ತಿಂದರೆ ಕಿವಿಗೆ ಬೀಳುವುದಿಲ್ಲ, ಕೇಳುವಷ್ಟು ದೊಡ್ಡದಾಗುವ ಮೊದಲೇ ಅವು ಬೇರೆಯವರ ಮನೆ ಸೇರಿರುತ್ತವೆ.

"ಮೂರ್ನೇ ಜ್ವರ ಎದ್ದಿವೆ ಕಣಪ್ಪಾ," ಅಂದರು ನಾರಾಯಣಮ್ಮ. ಅವರ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಖುಷಿ ಇತ್ತು. ಸತ್ತುಹೋದ ಹುಳುಗಳು ಬದುಕಿದ್ದರೆ ಆ ಹೊತ್ತಿಗೆ ಮೂರನೇ ಜ್ವರವನ್ನೇ ಎದ್ದಿರುತ್ತಿದ್ದವು.

ನಾನು ನನ್ನ ಕೆಲಸಕ್ಕೆ ಇಳಿದೆ. ಇಲಿ ಇಲ್ಲ, ಹಲ್ಲಿಯೂ ಇಲ್ಲ. ನೀರು ಹೋಗುವ ಪೈಪು ನೋಡಿದೆ, ಒಣಗಿತ್ತು. ಯಂತ್ರ ನಿಲ್ಲಿಸಿದೆ. ಗುಂಯ್ ಅನ್ನುವುದು ನಿಂತಿತು, ಇದು ಮಾತ್ರ ನಿಲ್ಲದೆ ಇನ್ನೂ ಸ್ಪಷ್ಟವಾಗಿ ಕೇಳಿತು. ತಗಡು ತಣ್ಣಗಾಗಿ ಚಿಟಗುಟ್ಟುತ್ತಿರಬಹುದು ಅಂತ ಬಹಳ ಹೊತ್ತು ಕಾದೆವು. ಕೊನೆಗೆ ಬಾಬಾಜಾನ್ ಏಣಿ ಹತ್ತಿ ಯಂತ್ರಕ್ಕೂ ಡಕ್ಟ್‌ಗೂ ನಡುವೆ ಇರುವ ಕ್ಯಾನ್ವಾಸ್ ಬಟ್ಟೆಯ ಜೋಡಣೆಯನ್ನೇ ಬಿಚ್ಚಿದರು. ಈಗ ಡಕ್ಟ್ ಸೂರಿನಿಂದ ತೂಗುವ ಬರೀ ತಗಡು, ಯಾವುದಕ್ಕೂ ಸಂಬಂಧವಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಈ ತುದಿಯಿಂದ ಆ ತುದಿಯವರೆಗೆ ಹೊಳೆಯುವ ಖಾಲಿ. ಅವರು ತಗಡಿಗೆ ಕಿವಿ ಇಟ್ಟು ತುಂಬಾ ಹೊತ್ತು ನಿಂತರು. "ಭಾಯ್, ಇದು ಗಾಳೀದು ಸದ್ದಲ್ಲ," ಅಂದರು. ಕೆಳಗಿಳಿದು ಬಂದು ಹೊರಗೆ ಹೋಗಿ ಕೂತುಬಿಟ್ಟರು.

ಮೊಬೈಲಿನಲ್ಲಿ ಹಿಡಿಯಲಿಲ್ಲವೇ ಅಂತ ನೀವು ಕೇಳುತ್ತೀರಿ. ಹಿಡಿದೆ. ಮನೆಗೆ ಬಂದು ಹಾಕಿದರೆ ನನ್ನ ಉಸಿರು ಕೇಳುತ್ತದೆ, ದೂರದಲ್ಲಿ ಹಸು ಕೂಗಿದ್ದು ಕೇಳುತ್ತದೆ, ಅಷ್ಟೇ. ಅಷ್ಟು ಸಣ್ಣ ಸದ್ದನ್ನು ಮೊಬೈಲು ನುಂಗಿಬಿಟ್ಟಿರಬಹುದು. ಅದರ ಮೇಲೆ ನಾನು ಏನನ್ನೂ ಸಾಧಿಸುವುದಿಲ್ಲ.

"ಜೋಡ್ಸಪ್ಪಾ ಬೇಗ, ಬಿಸಿಲಿಗೆ ಬೆಂದೋಗ್ತಾವೆ," ಅಂತ ನಾರಾಯಣಮ್ಮ ಅವಸರ ಮಾಡುತ್ತಿದ್ದರು. ನಾವು ಬಿಚ್ಚಿದ್ದನ್ನು ಜೋಡಿಸಿ ಯಂತ್ರ ಹಾಕಿದೆವು. ಆಕೆ ಆ ಜಾಲರಿಯ ಕೆಳಗೆ ಒಂದು ತಟ್ಟೆ ಇಟ್ಟು, ಆಗತಾನೆ ಕೊಯ್ದ ಸೊಪ್ಪು ಹರಡಿದರು. ಹಿಂದಿನ ಹೊತ್ತಿನ ಸೊಪ್ಪು ಬಾಡಿ ಪಕ್ಕದಲ್ಲಿ ಬಿದ್ದಿತ್ತು. ಒಂದು ಎಲೆಯ ಅಂಚೂ ಹರಿದಿರಲಿಲ್ಲ.

ಶ್ರೀರಾಮಪ್ಪ ನನ್ನನ್ನು ಹುಣಸೇಮರದ ಕೆಳಕ್ಕೆ ಕರೆದುಕೊಂಡು ಹೋದರು. ಮೆತ್ತನೆಯ ಮನುಷ್ಯ, ಮಾತು ಕಡಿಮೆ. "ನನ್ ಮಾತು ಕೇಳಲ್ಲ ಅವ್ಳು. ನೀವು ಮಿಷನ್ ಹಾಕ್ದೋರು. ಅದು ಮಿಷನ್ ಸದ್ದು ಅಂತ ನೀವೊಂದ್ ಮಾತು ಹೇಳಿ. ಮನೆ ತೊಳ್ಯಾಕೆ ಬಿಡ್ತಾಳೆ. ಮೊಟ್ಟೆ ಬರೋ ದಿನ ಹತ್ರ ಬಂತು. ಇದೂ ತಪ್ಪೋದ್ರೆ ಇನ್ಯಾರೂ ನಮ್ ಬಾಗ್ಲಿಗೆ ಬರಲ್ಲ." ಹೇಳುತ್ತಾ ಹೇಳುತ್ತಾ ನನ್ನ ಕೈ ಹಿಡಿದುಕೊಂಡರು. ನನಗಿಂತ ಹಿರಿಯರು ಹಾಗೆ ಕೈ ಹಿಡಿದಾಗ ಏನು ಮಾಡಬೇಕೋ ನನಗೆ ತಿಳಿಯಲಿಲ್ಲ.

ಒಳಗೆ ಹೋಗಿ ಹೇಳಿಯೇ ಹೇಳಿದೆ. "ಅಕ್ಕಾ, ಅದು ತಗಡು ಬಿಸಿಯಾಗಿ ತಣ್ಣಗಾಗೋ ಸದ್ದು. ಹೊಸದರಲ್ಲಿ ಹಂಗೇ ಬರುತ್ತೆ." ಇಷ್ಟು ವರ್ಷ ಇಂಥ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದೆನೋ, ಅಂದು ಮಾತ್ರ ನನ್ನ ಬಾಯಿಗೇ ರುಚಿಸಲಿಲ್ಲ. ಆಕೆ ಸಿಟ್ಟಾಗಲಿಲ್ಲ. "ನಾನು ಹತ್ತು ವರ್ಷದ ಹುಡುಗಿಯಿಂದ ಈ ಸದ್ದು ಕೇಳ್ಕೊಂಡೇ ಮಲ್ಗಿದೋಳು ಕಣಪ್ಪಾ. ನಿಂಗೆ ಕೇಳ್ಲಿಲ್ಲ ಅನ್ನು, ಒಪ್ಕೋತೀನಿ. ಕೇಳ್ತೋ ಇಲ್ವೋ?" ಅಂದರು. ಕೇಳಿತು ಅಂದೆ. "ಮತ್ತೆ ತಿನ್ನೋವನ್ನ ಇಟ್ಕೊಂಡು ಮನೆಗೆ ಔಷಧಿ ಹೊಡೀಲಾ?" ಅಂದರು.

ಆಮೇಲೆ ಯಾರೂ ಕರೆಯದಿದ್ದರೂ ನಾನೇ ಹೋಗತೊಡಗಿದೆ. 'ನಿಮಗೆ ಬೇರೆ ಕೆಲಸ ಇಲ್ವಾ' ಅಂತ ಮನೆಯಲ್ಲಿ ಬೈಸಿಕೊಂಡೆ. ಹೋಗದೆ ಇರಲು ಆಗುತ್ತಿರಲಿಲ್ಲ. ಒಂದು ಸಲ ಹೋದಾಗ ಸದ್ದೇ ಇರಲಿಲ್ಲ. ಅಬ್ಬಾ, ಮುಗಿಯಿತು ಅಂತ ಉಸಿರುಬಿಟ್ಟೆ. ನಾರಾಯಣಮ್ಮ ಪಿಸುದನಿಯಲ್ಲಿ, "ನಾಲ್ಕನೇ ಜ್ವರಕ್ಕೆ ಕೂತವೆ, ಮಾತಾಡ್ಬೇಡ," ಅಂದರು. ಮಾರನೆಯ ದಿನ ಮತ್ತೆ ಶುರುವಾಯಿತು, ಹಿಂದಿಗಿಂತ ಎಷ್ಟೋ ಜೋರಾಗಿ. ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವು ನೋಡಿದವರಿಗೇ ಗೊತ್ತು. ಬಾಗಿಲ ಹೊರಗೆ ಕೂತರೂ ಕೇಳುತ್ತಿತ್ತು. ಅಲ್ಲಿಯವರೆಗೆ 'ಏನೋ ಸದ್ದು' ಅನ್ನುತ್ತಿದ್ದ ಶ್ರೀರಾಮಪ್ಪ ಆಮೇಲೆ ಆ ವಿಷಯ ಎತ್ತಲೇ ಇಲ್ಲ. ಸುಮ್ಮನೆ ಹೋಗಿ ಸೊಪ್ಪು ಕೊಯ್ದು ತಂದು ಬಾಗಿಲ ಬಳಿ ಇಡುತ್ತಿದ್ದರು. ಆಕೆ ಹೊತ್ತು ಹೊತ್ತಿಗೆ ಹರಡುತ್ತಿದ್ದರು, ಬಾಡಿದ್ದನ್ನು ತೆಗೆದು ಹಾಕುತ್ತಿದ್ದರು.

ಮೊಟ್ಟೆಯ ದಿನ ಬಂತು. ಮನೆ ತೊಳೆದಿರಲಿಲ್ಲ. ರೈತರು ಕಾದು ನೋಡಿ, ಆ ಮೊಟ್ಟೆಗಳನ್ನು ಕ್ಯಾಲನೂರಿನ ಕಡೆ ಇನ್ನೊಬ್ಬರ ಚಾಕಿ ಮನೆಗೆ ಒಯ್ದರು. ಜಗಳವೇನೂ ಆಗಲಿಲ್ಲ. ಅವರಲ್ಲಿ ಒಬ್ಬ ಮುದುಕ ಬಾಗಿಲವರೆಗೆ ಬಂದು, ಒಳಗಿನ ಸದ್ದು ಕೇಳಿ, ಟವೆಲ್ ತೆಗೆದು ಮುಖ ಒರೆಸಿಕೊಂಡು ಹಾಗೇ ತಿರುಗಿ ಹೋದ. ಅದೆಲ್ಲ ನಡೆಯುವಾಗ ನಾನು ಅಲ್ಲೇ ಇದ್ದೆ. ಒಂದು ಯಂತ್ರದ ವಿಷಯ ಎಲ್ಲವನ್ನೂ ಬಲ್ಲ ನಾನು, ಒಂದು ಮನೆಯ ಬದುಕು ಕೈಜಾರಿ ಹೋಗುವುದನ್ನು ಗೋಡೆಗೆ ಒರಗಿ ನೋಡಿದೆ. ಏನು ಮಾಡಬಹುದಿತ್ತು ಅಂತ ಈಗಲೂ ಯೋಚಿಸುತ್ತೇನೆ, ಹೊಳೆಯುವುದಿಲ್ಲ.

ಇನ್ನೊಂದು ದಿನ ಹೋದಾಗ ನಾರಾಯಣಮ್ಮ ಯಾರದೋ ಮನೆಯಿಂದ ಚಂದ್ರಿಕೆಗಳನ್ನು ತಂದು ಒಳಗೆ ಒರಗಿಸುತ್ತಿದ್ದರು. ಗೂಡು ಕಟ್ಟಲು ಹುಳು ಬಿಡುವ ಬಿದಿರಿನ ದೊಡ್ಡ ತಟ್ಟಿಗಳು ಅವು. ಚಾಕಿ ಮನೆಗೆ ಅವು ಬರುವುದೇ ಇಲ್ಲ, ಅಲ್ಲಿ ಅವಕ್ಕೆ ಕೆಲಸವಿಲ್ಲ. ಆಕೆ ಒಂದೊಂದನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಜಾಲರಿಯ ಕೆಳಗೆ ಸಾಲಾಗಿ ನಿಲ್ಲಿಸಿದರು. ನಾನೂ ಕೈ ಹಾಕಿದೆ. ಮೇಲೆ ಸದ್ದು ಇಳಿಯುತ್ತಾ ಬಂದಿತ್ತು. ನಾವು ಜಗಲಿಯಲ್ಲಿ ಕೂತು ಮುದ್ದೆ ಉಣ್ಣುತ್ತಿದ್ದಾಗ ಯಾವಾಗಲೋ ನಿಂತುಹೋಗಿತ್ತು. ಆಕೆ ತುತ್ತು ಅಲ್ಲೇ ಬಿಟ್ಟು ಎದ್ದು ಹೋದರು.

ಒಂದೆರಡು ದಿನ ಬಿಟ್ಟು ಬಾಬಾಜಾನ್‌ರನ್ನು ಕರೆದುಕೊಂಡು ಹೋದೆ. ಚಂದ್ರಿಕೆಗಳು ಇಟ್ಟ ಹಾಗೇ ಇದ್ದವು. ಒಂದು ಗೂಡಿಲ್ಲ, ಒಂದು ಎಳೆ ಇಲ್ಲ, ಬರೀ ಬಿದಿರು. ನಾವು ಡಕ್ಟ್ ಬಿಚ್ಚಿ ಮತ್ತೊಮ್ಮೆ ನೋಡಿದೆವು. ಅಲ್ಲೂ ಏನೂ ಇರಲಿಲ್ಲ. ಏಣಿಯಿಂದ ಇಳಿಯುವಾಗ ನಾರಾಯಣಮ್ಮ ಕೆಳಗೆ ನಿಂತು ನನ್ನನ್ನೇ ನೋಡುತ್ತಿದ್ದರು. ಅಳುತ್ತಿರಲಿಲ್ಲ. ತೀರಾ ಸಮಾಧಾನವಾಗಿ, ಗೊತ್ತಿದ್ದವರನ್ನು ಕೇಳುವ ಹಾಗೆ ಕೇಳಿದರು.

"ಹಣ್ಣಾಗಿ ಗೂಡು ಕಟ್ಟೋ ಹುಳ ಮೇವು ಬಿಡ್ತಾವೆ ಕಣಪ್ಪಾ. ಸಾಯೋ ಹುಳಾನೂ ಮೇವು ಬಿಡ್ತಾವೆ. ಎರಡಕ್ಕೂ ಸದ್ದಿರಲ್ಲ. ನೀನೇ ಹೇಳು, ಗೂಡು ಕಟ್ಟಾಕೆ ಹೋದ್ವಾ, ಇಲ್ಲಾ ಇನ್ನೊಂದ್ ಸಲ ನನ್ ಕೈ ಬಿಟ್ವಾ?"

ಕಟ್ಟಿವೆ ಅಕ್ಕಾ ಅಂತ ಒಂದು ಮಾತು ಸಾಕಿತ್ತು. ನಾಲಿಗೆ ತುದಿಯವರೆಗೂ ಬಂತು, ಹೊರಗೆ ಬರಲಿಲ್ಲ. ಬಾಬಾಜಾನ್ ಕಡೆ ನೋಡಿದೆ, ಅವರು ನೆಲ ನೋಡುತ್ತಿದ್ದರು. ಆಮೇಲೆ ಆಕೆ ಚಾಕಿ ಕಟ್ಟಲಿಲ್ಲ, ಆ ಯಂತ್ರವನ್ನು ನಾವೇ ಬಿಚ್ಚಿ ತಂದೆವು. ಇಷ್ಟು ವರ್ಷವಾದರೂ ಆ ಸದ್ದು ಏನೆಂದು ನನಗೆ ಗೊತ್ತಿಲ್ಲ, ಅದು ಗೊತ್ತಾಗದಿದ್ದರೂ ಪರವಾಗಿಲ್ಲ. ಆದರೆ ಕೇಳಿದ್ದಕ್ಕೆ ಉತ್ತರ ಬೇಕು ಅಂತ ಆಕೆ ಇನ್ನೂ ಅಲ್ಲೇ, ಏಣಿಯ ಬುಡದಲ್ಲಿ, ನನ್ನ ಮುಖ ನೋಡುತ್ತಾ ನಿಂತಿದ್ದಾರೆ ಅನ್ನಿಸುತ್ತದೆ.